ಒರಟು ಮರ, ಹರಿತ ಉಳಿ

ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಬಿಡದಿ, ರಾಮನಗರ ದಾಟಿದರೆ ಚನ್ನಪಟ್ಟಣ. ಅಲ್ಲಿನ ಬೊಂಬೆಗಳ ನುಣುಪಿಗೆ ಅರಗಿನ ಬಣ್ಣವೇ ಕಾರಣವೆಂದು ಬಹಳ ಮಂದಿ ನಂಬಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ತೆಳುವಾಗಿ ಹರಡುತ್ತದೆ, ನಿಜ. ಆದರೆ ಅಷ್ಟು ತೆಳು ಪದರ ಕಿತ್ತುಹೋದ ಎಳೆಯ ಗುಳಿಗಳನ್ನು ಮುಚ್ಚಲಾರದು. ನುಣುಪು ಬರುವುದು ಉಳಿಯಿಂದ, ಜೊತೆಗೆ ಅಲ್ಲಿನವರು ತಲೆಮಾರುಗಳಿಂದ ನೆಚ್ಚಿದ ಹಾಲೆ ಮರದ ಸಣ್ಣ, ಒತ್ತಾದ ಎಳೆಯಿಂದ. ಬೆಂಗಳೂರಿನ ಬೀದಿಗಳಲ್ಲಿ ಗಾಳಿಮಳೆಗೆ ಉರುಳುವ ಮಳೆಮರ, ಬೇವುಗಳಿಗೆ ಆ ಸೌಮ್ಯ ಗುಣವಿಲ್ಲ. ಹಾಗೆಂದು ಅವನ್ನು ಕಡೆಯಲು ಬಾರದ ಮರವೆಂದು ಸೌದೆಗೆ ತಳ್ಳುವುದು ಅನ್ಯಾಯ. ದೋಷ ಬಹುಪಾಲು ಉಳಿಯ ಬಾಯಲ್ಲಿದೆ, ಅದು ಚಲಿಸುವ ದಿಕ್ಕಿನಲ್ಲಿದೆ.

ಇಂಥ ಮರಗಳ ಕಾಂಡದಲ್ಲಿ ಕೆಲವು ವರ್ಷಗಳ ಬೆಳವಣಿಗೆ ಎಡಕ್ಕೆ ಸುತ್ತಿದರೆ ಮುಂದಿನ ಪದರ ಬಲಕ್ಕೆ ಸುತ್ತುತ್ತದೆ. ಸೀಳಿದಾಗ ಕಾಣುವ ಪಟ್ಟೆಪಟ್ಟೆ ಹೊಳಪಿಗೂ, ಕಡೆಯುವವನ ತೊಂದರೆಗೂ ಮೂಲ ಅದೇ. ಮೊಂಡು ಕುಡುಗೋಲಿಗೆ ಹುಲ್ಲು ಕೊಯ್ಯದೆ ಬೇರುಸಹಿತ ಬರುವಂತೆ, ಮೊಂಡು ಉಳಿಗೆ ಎಳೆ ಕತ್ತರಿಸುವ ಮೊದಲೇ ಬುಡದಿಂದ ಏಳುತ್ತದೆ. ಕುರ್ಚಿಯ ಕಾಲು ಕಡೆಯುವಾಗ ಎಳೆ ಉದ್ದಕ್ಕೆ ಇರುವುದರಿಂದ ದಪ್ಪ ಭಾಗದಿಂದ ಸಣ್ಣ ಭಾಗದ ಕಡೆಗೆ ಇಳಿದರೆ ಸಾಕು, ಪ್ರತಿ ಎಳೆಗೂ ಕೆಳಗಿನದು ಆಸರೆ. ಬಟ್ಟಲಿನಲ್ಲಿ ಎಳೆ ಅಡ್ಡಡ್ಡ. ಒಂದೇ ಸುತ್ತಿನಲ್ಲಿ ಎಳೆಯ ಪಕ್ಕ ಎರಡು ಸಲ, ಕತ್ತರಿಸಿದ ತುದಿ ಎರಡು ಸಲ ಉಳಿಗೆ ಎದುರಾಗುತ್ತವೆ. ಆದ್ದರಿಂದಲೇ ಒರಟು ಎದುರುಬದುರಾದ ಎರಡೇ ಕಡೆ ಕಾಣುತ್ತದೆ. ಬಟ್ಟಲಿನ ಹೊರಮೈಯನ್ನು ತಳದಿಂದ ಅಂಚಿಗೆ, ಒಳಮೈಯನ್ನು ಅಂಚಿನಿಂದ ನಡುವಿಗೆ ಕಡೆಯಬೇಕು. ಉಳಿಯ ಸಾಣೆ ಹಿಡಿದ ಇಳಿಜಾರು ಮರಕ್ಕೆ ಒರಗಿರಬೇಕು, ಬಾಯಿ ಓರೆಯಾಗಿ ತೆಳ್ಳನೆಯ ಸಿಬಿರು ತೆಗೆಯಬೇಕು.

ಇಷ್ಟೆಲ್ಲ ಯಾಕೆ, ಸ್ಯಾಂಡ್‌ಪೇಪರ್ ಇದೆಯಲ್ಲ ಎನ್ನಬಹುದು. ಗುಳಿಯ ತಳ ಮುಟ್ಟುವವರೆಗೂ ಸುತ್ತಲಿನ ಒಳ್ಳೆಯ ಮರವನ್ನೆಲ್ಲ ಉಜ್ಜಿ ಹಾಕಬೇಕಾಗುತ್ತದೆ. ಮೆತ್ತನೆಯ ಭಾಗ ಬೇಗ ಸವೆದು ಮೈ ಅಲೆಅಲೆಯಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸಿಬಿರು ನೆಲಕ್ಕೆ ಬೀಳುತ್ತದೆ, ಧೂಳು ಉಸಿರಿಗೆ ಹೋಗುತ್ತದೆ. ಎರಡು ದಿಕ್ಕಿನ ಪದರಗಳು ಅಕ್ಕಪಕ್ಕದಲ್ಲೇ ಬಂದಾಗ ಯಾವ ದಿಕ್ಕೂ ಪೂರ್ತಿ ಸರಿಯಾಗುವುದಿಲ್ಲ ಎಂಬ ಆಕ್ಷೇಪವನ್ನಂತೂ ಒಪ್ಪಲೇಬೇಕು. ಅಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಹಚ್ಚಿ ಒಣಗಿಸಿದರೆ ಎಳೆಗಳು ಬಿಗಿಯುತ್ತವೆ. ಆಮೇಲೆ ಒಂದು ಹಗುರ ಸುತ್ತು, ಕೊನೆಗೆ ನಯವಾದ ಕಾಗದ ಸ್ವಲ್ಪವೇ. ಎಣಿಕೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮತ್ತೆ ಮತ್ತೆ ಸಾಣೆ ಹಿಡಿಯಲು ಪುರುಸೊತ್ತೆಲ್ಲಿ ಎಂಬುದು ನನಗೆ ಎಲ್ಲಕ್ಕಿಂತ ತೂಕದ ಪ್ರಶ್ನೆ. ಕೊನೆಯ ಸುತ್ತಿಗೆ ಮುಂಚಿನ ಒಂದು ನಿಮಿಷದ ಸಾಣೆ ಆಮೇಲಿನ ಬಹಳ ಹೊತ್ತಿನ ಉಜ್ಜಾಟವನ್ನು ಉಳಿಸುತ್ತದೆ. ಹಾಗಿದ್ದೂ ಆ ನಿಮಿಷದ ನಷ್ಟವನ್ನು ಅವನೊಬ್ಬನೇ ಹೊರಬಾರದು. ಮಳೆಮರದ ಬಟ್ಟಲು ಕೊಳ್ಳುವವರು ಹಾಲೆ ಮರದ್ದಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಡಬೇಕಾದದ್ದು ನ್ಯಾಯ.