ಯುಎಸ್‌ಬಿಯಿಂದ ಲಿನಕ್ಸ್: ಕಪ್ಪು ಪರದೆ ಬಂದರೆ ಫಾರ್ಮ್ಯಾಟ್ ಮಾಡಬೇಡಿ!

ನೇಪರ್‌ವಿಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ಮೂರು ಜನ, ಮೂರು ಲ್ಯಾಪ್‌ಟಾಪ್. ಅದರಲ್ಲಿ ಒಂದು ಊರಿಂದ ತಂದ ಹಳೇದು. ವಿಂಡೋಸ್ ಜೊತೆ ಲಿನಕ್ಸ್‌ಗೂ ಜಾಗ ಕೊಡುವಷ್ಟು ಡಿಸ್ಕ್ ಅದಕ್ಕಿಲ್ಲ. ಹಾಗಾಗಿ ಲಿನಕ್ಸನ್ನು ಒಂದು ಯುಎಸ್‌ಬಿ ಡ್ರೈವ್‌ಗೇ ಇನ್‌ಸ್ಟಾಲ್ ಮಾಡಿಕೊಂಡೆವು. ರೂಟ್ 59 ಸ್ಟೇಷನ್‌ನಲ್ಲಿ ಮೆಟ್ರಾ ರೈಲು ಹತ್ತಿ ಶಿಕಾಗೋಗೆ ಹೋಗುವಾಗ ಲ್ಯಾಪ್‌ಟಾಪ್ ಹೊರೋದು ಬೇಡ. ಡ್ರೈವ್ ಜೇಬಲ್ಲಿದ್ದರೆ ಸಾಕು, ಲ್ಯಾಬ್‌ನವರ ಅನುಮತಿ ಕೇಳಿ ಅಲ್ಲಿನ ಕಂಪ್ಯೂಟರ್‌ಗೆ ಹಾಕಿಕೊಂಡು ಕೆಲಸ ಮಾಡಬಹುದು ಅನ್ನೋದು ನಮ್ಮ ಲೆಕ್ಕ.

ಲೆಕ್ಕ ತಪ್ಪಿತು. ಮನೆಯಲ್ಲಿ ಚೆನ್ನಾಗಿ ಓಡಿದ ಡ್ರೈವ್ ಲ್ಯಾಬ್‌ನಲ್ಲಿ ಬೂಟ್ ಆಗಲೇ ಇಲ್ಲ. ಸಂಜೆ ಮನೆಗೆ ಬಂದು ಡ್ರೈವ್ ಇಲ್ಲದೆ ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸೂ ಇಲ್ಲ! ಕಪ್ಪು ಪರದೆ, ‘ಗ್ರಬ್’ ಅನ್ನೋ ಒಂದು ಪದ, ಮಿನುಗುವ ಕರ್ಸರ್. ಪ್ರಾಜೆಕ್ಟ್ ರಿಪೋರ್ಟ್ ಕೊಡಲು ಎರಡೇ ದಿನ ಉಳಿದಿತ್ತು. ಕೋಡ್ ಎಲ್ಲ ಆ ಡಿಸ್ಕಿನಲ್ಲೇ, ಅಜ್ಜಿಯ ಕೊನೆಯ ದೀಪಾವಳಿಯ ಫೋಟೋಗಳೂ ಅಲ್ಲೇ. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ’ ಅಂತ ನಮ್ಮಲ್ಲೊಬ್ಬ ಕೈ ಹಾಕಿಯೂ ಆಗಿತ್ತು. ಪುಣ್ಯಕ್ಕೆ ತಡೆದೆವು. ಆಮೇಲೆ ನೋಡಿದರೆ ಒಂದು ಫೈಲೂ ಹೋಗಿರಲಿಲ್ಲ.

ಏನಾಗಿತ್ತು? ಕಂಪ್ಯೂಟರ್ ಏಳೋದು ನಾಲ್ಕು ಹೆಜ್ಜೆಯಲ್ಲಿ. ಮೊದಲು ಮದರ್‌ಬೋರ್ಡ್‌ನ ಫರ್ಮ್‌ವೇರ್, ಅಂದರೆ ಯುಇಎಫ್‌ಐ, ಎಚ್ಚರಾಗುತ್ತೆ. ಅದು ಇಎಸ್‌ಪಿ ಅನ್ನೋ ಸಣ್ಣ ಫ್ಯಾಟ್32 ಪಾರ್ಟಿಷನ್‌ನಲ್ಲಿ ಬೂಟ್‌ಲೋಡರ್ ಹುಡುಕುತ್ತೆ. ಬೂಟ್‌ಲೋಡರ್, ನಮ್ಮ ವಿಷಯದಲ್ಲಿ ಗ್ರಬ್, ಕರ್ನಲ್ಲನ್ನು ಮೆಮೊರಿಗೆ ತರುತ್ತೆ. ಕೊನೆಗೆ ಕರ್ನಲ್ ನಿಮ್ಮ ಲಿನಕ್ಸ್ ಇರುವ ರೂಟ್ ಪಾರ್ಟಿಷನ್ ಹುಡುಕಿಕೊಳ್ಳುತ್ತೆ. ಎಲ್ಲಿ ನಿಂತಿತು ಅಂತ ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ.

ಬೂಟ್ ಮೆನುವಿನಲ್ಲಿ ಡ್ರೈವ್ ಕಾಣದಿದ್ದರೆ: ತೊಂದರೆ ಮೊದಲ ಎರಡು ಹೆಜ್ಜೆಯಲ್ಲಿದೆ. ತೆಗೆದು ಹಾಕುವ ಡ್ರೈವ್ ಆದರೆ ಫರ್ಮ್‌ವೇರ್ ಅದರ ಇಎಸ್‌ಪಿಯಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64 ಡಾಟ್ ಇಎಫ್‌ಐ’ ಫೈಲ್ ಇದೆಯಾ ಅಂತ ನೋಡುತ್ತೆ. ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಸಾಲದು ಅನ್ನೋದು ಇದಕ್ಕೇ. ರುಫಸ್‌ನಂಥ ಸಾಫ್ಟ್‌ವೇರ್‌ನಿಂದ ಬರೆಯಬೇಕು.

ಗ್ರಬ್ ಪ್ರಾಂಪ್ಟ್ ಬಂದು ನಿಂತರೆ: ಗ್ರಬ್ ಸಿಕ್ಕಿದೆ, ಆದರೆ ಅದಕ್ಕೆ ಬೇಕಾದ ಪಾರ್ಟಿಷನ್ ಸಿಕ್ಕಿಲ್ಲ.

‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬಂದರೆ: ಕರ್ನಲ್ ಎದ್ದಿದೆ, ರೂಟ್ ಪಾರ್ಟಿಷನ್ ಸಿಕ್ಕಿಲ್ಲ. ಯುಎಸ್‌ಬಿ ಡ್ರೈವ್ ನಿಧಾನವಾಗಿ ಏಳೋದೂ ಕಾರಣ ಇರಬಹುದು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್ ಸಾಲಿನ ಕೊನೆಗೆ ‘ರೂಟ್‌ಡಿಲೇ’ ಸಮ ಚಿಹ್ನೆ 10 ಅಂತ ಸೇರಿಸಿ ನೋಡಿ. ಕರ್ನಲ್ ಹತ್ತು ಸೆಕೆಂಡ್ ಕಾಯುತ್ತೆ. ಇನ್ನೊಂದು ಕಾರಣ ಹೆಸರು. ‘ಎಸ್‌ಡಿಎ’, ‘ಎಸ್‌ಡಿಬಿ’ ಅನ್ನೋದು ಕ್ಲಾಸಿನ ಬೆಂಚಿದ್ದ ಹಾಗೆ, ದಿನಾ ಬದಲಾಗಬಹುದು. ಯುಯುಐಡಿ ಅನ್ನೋದು ನಮ್ಮ ವಿಟಿಯು ಯುಎಸ್‌ಎನ್ ಇದ್ದ ಹಾಗೆ, ಎಲ್ಲಿ ಕೂತರೂ ಅದೇ. ಕಾನ್ಫಿಗರೇಷನ್‌ನಲ್ಲಿ ಯಾವಾಗಲೂ ಯುಯುಐಡಿಯನ್ನೇ ಬಳಸಿ.

ನಮ್ಮದು ಎರಡನೇ ಥರದ್ದು. ಲಿನಕ್ಸ್ ಹೋಗಿದ್ದು ಯುಎಸ್‌ಬಿಗೆ, ಆದರೆ ಇನ್‌ಸ್ಟಾಲರ್ ಗ್ರಬ್ ಅನ್ನು ಬರೆದಿದ್ದು ಲ್ಯಾಪ್‌ಟಾಪ್ ಒಳಗಿನ ಇಎಸ್‌ಪಿಗೆ! ಲ್ಯಾಬ್‌ನಲ್ಲಿ ಡ್ರೈವ್ ಇತ್ತು, ಬೂಟ್‌ಲೋಡರ್ ಇರಲಿಲ್ಲ. ಮನೆಯಲ್ಲಿ ಬೂಟ್‌ಲೋಡರ್ ಇತ್ತು, ಡ್ರೈವ್ ಇರಲಿಲ್ಲ. ಕೀಲಿ ಒಂದು ಮನೆಯಲ್ಲಿ, ಬೀಗ ಇನ್ನೊಂದು ಮನೆಯಲ್ಲಿ.

ವಿಂಡೋಸ್ ಮರಳಿದ್ದು ಐದೇ ನಿಮಿಷದಲ್ಲಿ: ಬೂಟ್ ಮೆನುವಿಗೆ ಹೋಗಿ (ಎಫ್12, ಎಫ್9 ಹೀಗೆ ಕಂಪನಿಗೊಂದು ಕೀ) ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದೆವು, ಅಷ್ಟೇ. ಆಮೇಲೆ ಡ್ರೈವ್‌ನಲ್ಲಿದ್ದ ಫೈಲ್‌ಗಳನ್ನೆಲ್ಲ ಬ್ಯಾಕಪ್ ಮಾಡಿದೆವು. ಇನ್ನೊಂದು ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ ಬೂಟ್ ಮಾಡಿ, ಜಿಪಾರ್ಟೆಡ್‌ನಲ್ಲಿ ಡ್ರೈವ್‌ನ ಲಿನಕ್ಸ್ ಪಾರ್ಟಿಷನ್ ಸ್ವಲ್ಪ ಕುಗ್ಗಿಸಿ, 512 ಎಂಬಿಯ ಫ್ಯಾಟ್32 ಪಾರ್ಟಿಷನ್ ಮಾಡಿ ಇಎಸ್‌ಪಿ ಫ್ಲ್ಯಾಗ್ ಕೊಟ್ಟೆವು. ನಂತರ ನಮ್ಮ ಲಿನಕ್ಸ್‌ಗೆ ಬಂದು, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೊಸ ಇಎಸ್‌ಪಿಯ ಯುಯುಐಡಿ ಬರೆದು, ಅದನ್ನು ಮೌಂಟ್ ಮಾಡಿ, ‘ಗ್ರಬ್-ಇನ್‌ಸ್ಟಾಲ್’ ಕಮಾಂಡ್‌ಗೆ ‘ರಿಮೂವಬಲ್’ ಆಯ್ಕೆ ಸೇರಿಸಿ ಓಡಿಸಿದೆವು. ಕೊನೆಗೆ ಬೂಟ್ ಕ್ರಮದಲ್ಲಿ ವಿಂಡೋಸನ್ನು ಮತ್ತೆ ಮೇಲಕ್ಕೆ ತಂದೆವು.

ಎರಡು ಎಚ್ಚರಿಕೆ. ಸೆಕ್ಯೂರ್ ಬೂಟ್ ಆಫ್ ಮಾಡುವ ಮೊದಲು ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ; ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ಫೈಲ್‌ಗಳು ನಿಮಗೂ ಸಿಗಲ್ಲ. ಲಿನಕ್ಸ್ ಡ್ರೈವ್ ಹಾಕಿದಾಗ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಅದಕ್ಕೆ ಲಿನಕ್ಸ್‌ನ ಪಾರ್ಟಿಷನ್ ಓದೋಕೆ ಬರಲ್ಲ, ಡ್ರೈವ್ ಕೆಟ್ಟಿಲ್ಲ.

ಊರಲ್ಲಿದ್ದರೆ ಪಕ್ಕದ ಬೀದಿಯ ರಿಪೇರಿ ಅಂಗಡಿಗೆ ಓಡುತ್ತಿದ್ದೆವು. ಇಲ್ಲಿ ರಾತ್ರಿ ಹನ್ನೊಂದಕ್ಕೆ, ಹೊರಗೆ ಹಿಮ ಬೀಳುವಾಗ, ನಮಗೆ ನಾವೇ. ಆದ್ದರಿಂದ ಕಪ್ಪು ಪರದೆ ಕಂಡರೆ ಮೊದಲು ಒಂದು ಲೋಟ ಕಾಫಿ ಮಾಡಿಕೊಳ್ಳಿ. ಎಷ್ಟನೇ ಹೆಜ್ಜೆಯಲ್ಲಿ ನಿಂತಿದೆ ಅಂತ ನೋಡಿ. ಫಾರ್ಮ್ಯಾಟ್ ಮಾತು ಆಮೇಲೆ. ಅಜ್ಜಿಯ ಫೋಟೋಗಳು ನಮ್ಮಲ್ಲಿ ಈಗ ಎರಡು ಕಡೆ ಬ್ಯಾಕಪ್ ಇವೆ. ನಿಮ್ಮವು?