ಹಳೇ ಪ್ಯಾಕೇಜ್ ಕ್ರ್ಯಾಶ್ ಆದ್ರೆ ಯಾರಿಗೆ ಹೇಳೋದು?

ಲ್ಯಾಬ್‌ನಲ್ಲಿ ಲಿಬ್ರೆಆಫೀಸ್ ದಿಢೀರಂತ ಮುಚ್ಚಿಕೊಂಡರೆ ಪಕ್ಕದವರ ಸಲಹೆ ಒಂದೇ: "ಹಳೇ ವರ್ಷನ್ ಐತಲೇ, ಲೇಟೆಸ್ಟ್ ಹಾಕ್." ಸಲಹೆ ಪೂರ್ತಿ ತಪ್ಪಲ್ಲ. ಆದರೆ ಉಬುಂಟು, ಡೆಬಿಯನ್‌ಗಳಲ್ಲಿ 'ಹಳೇದು' ಅನ್ನೋದಕ್ಕೆ ಸ್ವಲ್ಪ ಬೇರೆ ಅರ್ಥ ಇದೆ.

ಉಬುಂಟು 22.04 ಬಂದದ್ದು ಏಪ್ರಿಲ್ 2022ರಲ್ಲಿ, ಲಿಬ್ರೆಆಫೀಸ್ 7.3 ಜೊತೆಗೆ. ಐದು ವರ್ಷದ ಬೆಂಬಲ ಮುಗಿಯೋವರೆಗೂ ಅದು 7.3 ಆಗಿಯೇ ಇರುತ್ತದೆ. ಹೊಸ ಆವೃತ್ತಿಗಳಲ್ಲಿ ಆದ ಮುಖ್ಯ ರಿಪೇರಿಗಳನ್ನಷ್ಟೇ ತಂದು ಹಳೆಯದಕ್ಕೆ ತೇಪೆ ಹಾಕ್ತಾರೆ, ಇದೇ ಬ್ಯಾಕ್‌ಪೋರ್ಟ್. ಹಾಗಾಗಿ ವರ್ಷನ್ ನಂಬರ್‌ನಲ್ಲಿ ಅಡ್ಡಗೆರೆಯ ನಂತರದ ಬಾಲವನ್ನೂ ಓದಬೇಕು, ತೇಪೆಯ ಲೆಕ್ಕ ಅಲ್ಲಿರುತ್ತೆ. 'ಆಪ್ಟ್ ಚೇಂಜ್‌ಲಾಗ್' ಕಮಾಂಡ್ ಕೊಟ್ರೆ ಯಾವ ತೇಪೆ ಯಾವತ್ತು ಬಿತ್ತು ಅಂತ ಗೊತ್ತಾಗುತ್ತೆ. ಎಷ್ಟೋ ಸಲ ರಿಪೇರಿ ಆಗಲೇ ಬಂದಿರುತ್ತೆ, ಮಷೀನ್ ಮಾತ್ರ ತಿಂಗಳುಗಟ್ಟಲೆ ಅಪ್‌ಡೇಟ್ ಕಂಡಿರಲ್ಲ.

ಹೀಗೆ ಯಾಕೆ ಕಟ್ಟಿಹಾಕ್ತಾರೆ? ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಕೊಡುವ ಲಿನಕ್ಸ್ ನೋಡಿ, ಅದೂ ಉಬುಂಟುವಿನ ದೀರ್ಘಾವಧಿ ಆವೃತ್ತಿಯ ಮೇಲೇ ಕಟ್ಟಿದ್ದು. ಕಾಸರಗೋಡಿನ ಮಕ್ಕಳು ಪಾಠ ಕಲಿಯುವಾಗ ವರ್ಷದ ಮಧ್ಯೆ ಮೆನುವೇ ಬದಲಾದ್ರೆ ಮೇಷ್ಟ್ರಿಗೆ ಕ್ರ್ಯಾಶ್‌ಗಿಂತ ದೊಡ್ಡ ತಲೆನೋವು.

ತೊಂದರೆ ಬರೋದು ದೂರು ಕೊಡುವಾಗ. ನಮ್ಮ ಯರಗಟ್ಟಿ ಕಡೆ ಪಂಪ್‌ಸೆಟ್ ಮೋಟರ್ ಸುಟ್ಟರೆ ಯಾರೂ ಕಂಪನಿಗೆ ಪತ್ರ ಬರೆಯಲ್ಲ, ರಿವೈಂಡಿಂಗ್ ಅಂಗಡಿಗೆ ಒಯ್ತಾರೆ. ಇಲ್ಲೂ ಹಾಗೇ. ಲಿಬ್ರೆಆಫೀಸ್‌ನ ಮೂಲ ತಂಡ 7.3ರ ಬೆಂಬಲವನ್ನು 2022ರ ನವೆಂಬರ್‌ನಲ್ಲೇ ನಿಲ್ಲಿಸಿತು. ಅವರ ಹತ್ರ ಹೋದ್ರೆ ಹೊಸದರಲ್ಲಿ ನೋಡಿ ಬನ್ನಿ ಅಂತಾರೆ, ಅದು ನ್ಯಾಯವೇ. 2016ರಲ್ಲಿ ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮಿ ಜವಿನ್ಸ್ಕಿ, ತಾನು ಎಂದೋ ಸರಿಪಡಿಸಿದ ಬಗ್‌ಗಳ ದೂರು ಡೆಬಿಯನ್ ಬಳಕೆದಾರರಿಂದ ಬರ್ತಾನೇ ಇದೆ ಅಂತ ಬೇಸತ್ತು, ನನ್ನ ಪ್ರೋಗ್ರಾಂ ಅನ್ನೇ ನಿಮ್ಮ ಭಂಡಾರದಿಂದ ತೆಗೆದುಬಿಡಿ ಅಂದಿದ್ದರು.

ಕನ್ನಡದಲ್ಲಿ ಟೈಪ್ ಮಾಡೋರಿಗೆ ಇದು ಇನ್ನೂ ಮುಖ್ಯ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡರಲ್ಲೂ ಒತ್ತಕ್ಷರ ಜೋಡಿಸೋದು ಹಾರ್ಫ್‌ಬಜ್ ಅನ್ನೋ ಲೈಬ್ರರಿ. ಯಾವುದೋ ಒಂದು ಒತ್ತಕ್ಷರಕ್ಕೆ, ಒಂದು ಫಾಂಟ್‌ನಲ್ಲಿ ಮಾತ್ರ ಕ್ರ್ಯಾಶ್ ಆದ್ರೆ ಅದು ಇಂಗ್ಲಿಷ್ ಬಳಸೋರಿಗೆ ಕಾಣೋದೇ ಇಲ್ಲ. ನಾವು ಹೇಳದಿದ್ರೆ ಇಲ್ಲ. 2018ರಲ್ಲಿ ತೆಲುಗಿನ 'ಜ್ಞಾ' ಐಫೋನ್ ಆ್ಯಪ್‌ಗಳನ್ನು ಕೆಡವಿದಾಗ ಆಪಲ್ 11.2.6 ಕೊಡೋವರೆಗೆ ಕಾಯದೇ ಬೇರೆ ದಾರಿ ಇರಲಿಲ್ಲ. ನಮಗೆ ದಾರಿ ಇದೆ.

ಮೊದಲು ಫೈಲಿನ ನಕಲು ಇಟ್ಟುಕೊಳ್ಳಿ. ಸೇಫ್ ಮೋಡ್‌ನಲ್ಲಿ ತೆರೆದು ನೋಡಿ. ಅಲ್ಲಿ ಬೀಳದಿದ್ರೆ ತಪ್ಪು ನಿಮ್ಮ ಸೆಟ್ಟಿಂಗ್ ಅಥವಾ ಎಕ್ಸ್‌ಟೆನ್ಷನ್‌ದು. ಅಲ್ಲೂ ಬಿದ್ರೆ ಫೈಲಿನ ಅರ್ಧ ಅಳಿಸಿ ಮತ್ತೆ ತೆರೆಯಿರಿ. ಬೀಳ್ತಾ? ಉಳಿದ ಅರ್ಧದಲ್ಲೇ ಕಾರಣ ಇದೆ. ಬೀಳಲಿಲ್ವಾ? ಅಳಿಸಿದ ಅರ್ಧ ಹಿಡಿಯಿರಿ. 64 ಪುಟದ ರಿಪೋರ್ಟ್ ಆರೇ ಸಲಕ್ಕೆ ಒಂದು ಪುಟಕ್ಕಿಳಿಯುತ್ತೆ, ಇನ್ನೊಂದೆರಡು ಸುತ್ತಿಗೆ ಕೆಲವೇ ಸಾಲು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿದ ಬೈನರಿ ಸರ್ಚ್ ಇಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರುತ್ತೆ! ಆಮೇಲೆ ಜಿಡಿಬಿಯಿಂದ ಬ್ಯಾಕ್‌ಟ್ರೇಸ್ ತೆಗೆಯಿರಿ. ಡಿಬಗ್ ಸಿಂಬಲ್ಸ್ ಇಲ್ಲದಿದ್ರೆ ಫಂಕ್ಷನ್ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕೋರ್ ಡಂಪ್ ಮಾತ್ರ ಎಲ್ಲರೂ ನೋಡೋ ಕಡೆ ಹಾಕಬೇಡಿ, ಮೆಮೊರಿಯಲ್ಲಿದ್ದ ಪಾಸ್‌ವರ್ಡ್ ಕೂಡ ಅದರಲ್ಲಿರಬಹುದು.

ಅದೇ ಸಾಲುಗಳನ್ನು ಹೊಸ ಆವೃತ್ತಿಯ ಆ್ಯಪ್‌ಇಮೇಜ್‌ನಲ್ಲಿ ತೆರೆಯಿರಿ. ಇದಕ್ಕೆ ಇನ್‌ಸ್ಟಾಲ್ ಬೇಡ, ಅಡ್ಮಿನ್ ಪಾಸ್‌ವರ್ಡೂ ಬೇಡ. ಅಲ್ಲೂ ಬಿದ್ರೆ ದೂರು ಮೂಲ ತಂಡಕ್ಕೆ. ಬೀಳದಿದ್ರೆ ರಿಪೇರಿ ಎಲ್ಲೋ ಆಗಿದೆ ಅಂತ ಅರ್ಥ. ಆ ಕಮಿಟ್ ಹುಡುಕಿ ಉಬುಂಟುವಿನ ಲಾಂಚ್‌ಪ್ಯಾಡ್‌ನಲ್ಲಿ ದೂರಿನ ಜೊತೆ ಕೊಡಿ. ಅವರು ಒಪ್ಪಿದ್ರೆ ತೇಪೆ ಮೊದಲು 'ಪ್ರಪೋಸ್ಡ್' ಅನ್ನೋ ಕಟ್ಟೆಗೆ ಬರುತ್ತೆ, ಸಾಮಾನ್ಯವಾಗಿ ಕನಿಷ್ಠ 7 ದಿನ ಅಲ್ಲೇ ಕೂರುತ್ತೆ. ಆ ದಿನಗಳಲ್ಲಿ ಯಾರಾದ್ರೂ ಹಾಕಿ ನೋಡಿ 'ಸರಿಯಾಗಿದೆ' ಅಂತ ಬರೀಬೇಕು. ಆ ಕನ್ನಡ ಸಾಲುಗಳು ಯಾರ ಹತ್ರ ಇವೆಯೋ ಅವರಿಗೆ ಅದು ಐದು ನಿಮಿಷದ ಕೆಲಸ.