ಮೌಲ್ಯಾಧಾರಿತ ಆರೋಗ್ಯ ಸೇವೆ: ಬಿಲ್ಲಿನ ಲೆಕ್ಕದಿಂದ ಗುಣದ ಲೆಕ್ಕಕ್ಕೆ

ಆಸ್ಪತ್ರೆಯ ಬಿಲ್ಲಿನಲ್ಲಿ ಹಾಸಿಗೆ ಬಾಡಿಗೆ, ರಕ್ತ ಪರೀಕ್ಷೆ, ಸ್ಕ್ಯಾನ್, ಔಷಧ, ವೈದ್ಯರ ಭೇಟಿ ಎಂದು ಸಾಲು ಸಾಲಾಗಿ ಲೆಕ್ಕ ಇರುತ್ತದೆ. ರೋಗಿಗೆ ಎಷ್ಟು ಗುಣವಾಯಿತು ಎಂಬ ಸಾಲು ಮಾತ್ರ ಅದರಲ್ಲಿ ಇರುವುದಿಲ್ಲ. ಮಾಡಿದ ಪ್ರತಿಯೊಂದು ಕೆಲಸಕ್ಕೂ ಹಣ ಸಿಗುವ ಪದ್ಧತಿ ಇದು. ಕೆಲಸ ಹೆಚ್ಚಿದಷ್ಟೂ ಆದಾಯ ಹೆಚ್ಚು. ಯಾರೂ ಮೋಸ ಮಾಡಬೇಕೆಂದಿಲ್ಲ, ಪದ್ಧತಿಯೇ ಆ ಕಡೆಗೆ ಎಳೆಯುತ್ತದೆ.

ಇದಕ್ಕೆ ಬದಲಾಗಿ ಬಂದ ಚಿಂತನೆಯೇ ಮೌಲ್ಯಾಧಾರಿತ ಆರೋಗ್ಯ ಸೇವೆ. ಇಲ್ಲಿ ‘ಮೌಲ್ಯ’ ಎಂದರೆ ನೀತಿ ಮೌಲ್ಯವಲ್ಲ. ಖರ್ಚಾದ ಹಣಕ್ಕೆ ರೋಗಿಯ ಆರೋಗ್ಯದಲ್ಲಿ ಎಷ್ಟು ಸುಧಾರಣೆ ಆಯಿತು ಎಂಬ ಲೆಕ್ಕ. ಅಮೆರಿಕದ ಮೈಕೆಲ್ ಪೋರ್ಟರ್ ಮತ್ತು ಎಲಿಜಬೆತ್ ಟೈಸ್‌ಬರ್ಗ್ 2006ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಚಾರ ಹೆಚ್ಚು ಪ್ರಚಾರಕ್ಕೆ ಬಂತು.

ಅಮೆರಿಕದ ಅನುಭವ

ಮುಖ್ಯವಾಗಿ 65 ವರ್ಷ ದಾಟಿದವರಿಗಾಗಿ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯಲ್ಲಿ 2012ರ ಅಕ್ಟೋಬರ್‌ನಿಂದ ಒಂದು ನಿಯಮ ಜಾರಿಯಾಯಿತು. ಹೃದಯ ವೈಫಲ್ಯ, ನ್ಯುಮೋನಿಯಾದಂಥ ಕೆಲವು ಕಾಯಿಲೆಗಳಲ್ಲಿ ಮನೆಗೆ ಹೋದ ರೋಗಿಗಳು 30 ದಿನಗಳೊಳಗೆ ನಿರೀಕ್ಷೆಗಿಂತ ಹೆಚ್ಚಾಗಿ ಮತ್ತೆ ದಾಖಲಾದರೆ ಆಸ್ಪತ್ರೆಗೆ ಬರುವ ಹಣ ಕಡಿತವಾಗುತ್ತದೆ. ಈ ಕಡಿತ ಈಗ ಗರಿಷ್ಠ ಶೇ. 3ರವರೆಗೆ ಇದೆ.

ಆದರೆ ಬಡವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೇ ದಂಡದ ಹೊರೆ ಹೆಚ್ಚು ಬಿತ್ತು. ಮನೆಯಲ್ಲಿ ಸರಿಯಾದ ಆಹಾರ, ಆರೈಕೆ ಇಲ್ಲದವರು ಬೇಗ ಮತ್ತೆ ಆಸ್ಪತ್ರೆಗೆ ಬರುವುದು ಸಹಜ. ಆದ್ದರಿಂದ ನಂತರ ನಿಯಮ ಬದಲಾಯಿಸಿ, ಒಂದೇ ಬಗೆಯ ರೋಗಿಗಳಿರುವ ಆಸ್ಪತ್ರೆಗಳನ್ನು ಪರಸ್ಪರ ಹೋಲಿಸುವ ಕ್ರಮ ತರಲಾಯಿತು.

ನಮ್ಮ ದೇಶದಲ್ಲಿ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಕರ್ನಾಟಕದಲ್ಲಿ ಇದು ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಹೆಸರಿನಲ್ಲಿ ಜಾರಿಗೆ ಬಂತು. ಪ್ರತಿ ಚಿಕಿತ್ಸೆಗೂ ನಿಗದಿತ ಪ್ಯಾಕೇಜ್ ದರ ಇರುವುದರಿಂದ ಬಿಲ್ ಬೆಳೆಸುವ ಅವಕಾಶ ಕಡಿಮೆ. ಆದರೂ ಪ್ಯಾಕೇಜ್ ಹಣ ಫಲಿತಾಂಶ ನೋಡಿ ಬರುವುದಿಲ್ಲ. ದರ ಸಾಲದಿದ್ದರೆ ಚಿಕಿತ್ಸೆಯಲ್ಲಿ ಕೊರತೆ ಮಾಡುವ ಅಥವಾ ರೋಗಿಯಿಂದ ಮೇಲುಹಣ ಕೇಳುವ ಅಪಾಯ ಉಳಿಯುತ್ತದೆ.

ಆದ್ದರಿಂದ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ 2022ರಲ್ಲಿ ಆಸ್ಪತ್ರೆಗಳನ್ನು ಐದು ಅಂಶಗಳ ಮೇಲೆ ಅಳೆಯುವ ಕ್ರಮ ಪ್ರಕಟಿಸಿತು. ಅವು ರೋಗಿಯ ತೃಪ್ತಿ, ಮತ್ತೆ ದಾಖಲಾಗುವ ಪ್ರಮಾಣ, ರೋಗಿಯ ಕೈಯಿಂದ ಆದ ಖರ್ಚು, ದೃಢಪಟ್ಟ ದೂರುಗಳು ಮತ್ತು ಚಿಕಿತ್ಸೆಯ ನಂತರ ಜೀವನದ ಗುಣಮಟ್ಟದಲ್ಲಿ ಆದ ಸುಧಾರಣೆ.

ಕಡಿಮೆ ಖರ್ಚಿನಲ್ಲಿ ಒಳ್ಳೆಯ ಫಲಿತಾಂಶ ಸಾಧ್ಯ ಎಂಬುದಕ್ಕೆ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ ಸಾಕ್ಷಿ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಇದನ್ನು ಆರಂಭಿಸಿದರು. ಶಸ್ತ್ರಚಿಕಿತ್ಸೆಯ ಪ್ರತಿ ಹಂತಕ್ಕೂ ತರಬೇತಿ ಪಡೆದ ಸಿಬ್ಬಂದಿ, 1992ರಿಂದ ಸ್ವಂತ ಘಟಕದಲ್ಲಿ ತಯಾರಾಗುವ ಅಗ್ಗದ ಕೃತಕ ಮಸೂರ, ಹಣ ಕೊಡಬಲ್ಲವರ ಶುಲ್ಕದಿಂದ ಬಡವರಿಗೂ ಚಿಕಿತ್ಸೆ, ಇವು ಅಲ್ಲಿನ ಕ್ರಮ.

ಮುಂದಿರುವ ಸವಾಲುಗಳು

ಮೊದಲನೆಯದು ದಾಖಲೆ. ಗುಣವಾದದ್ದನ್ನು ಅಳೆಯಲು ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಸ್ಥಿತಿ ಎರಡೂ ಗೊತ್ತಿರಬೇಕು. ರೋಗಿ ಊರು ಬದಲಿಸಿದರೆ, ವೈದ್ಯರನ್ನು ಬದಲಿಸಿದರೆ ಕಾಗದಗಳು ಕಳೆದುಹೋಗುತ್ತವೆ. 2021ರಿಂದ ದೇಶದಾದ್ಯಂತ ವಿಸ್ತರಿಸಿದ ಡಿಜಿಟಲ್ ಆರೋಗ್ಯ ಯೋಜನೆಯ 14 ಅಂಕಿಗಳ ‘ಆಭಾ’ ಸಂಖ್ಯೆ ಈ ಕೊರತೆ ತುಂಬಲು ಬಂದದ್ದು.

ಎರಡನೆಯದು ದೀರ್ಘಕಾಲದ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇವರ ಆರೋಗ್ಯ ನಿರ್ಧಾರವಾಗುವುದು ಅಡುಗೆಮನೆಯಲ್ಲಿ, ನಡಿಗೆಯಲ್ಲಿ, ಸಮಯಕ್ಕೆ ತೆಗೆದುಕೊಳ್ಳುವ ಮಾತ್ರೆಯಲ್ಲಿ. ಆಯುಷ್ಮಾನ್ ವಿಮೆ ಮಾತ್ರ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೇ ಸೀಮಿತ.

ಮೂರನೆಯದು ಅಳತೆಯ ದುಷ್ಪರಿಣಾಮ. ಫಲಿತಾಂಶ ನೋಡಿ ಹಣ ಎಂದಾದರೆ ಕಠಿಣ ಸ್ಥಿತಿಯ ರೋಗಿಯನ್ನು ದೂರವಿಡುವ ಪ್ರವೃತ್ತಿ ಬೆಳೆಯಬಹುದು. ರೋಗದ ತೀವ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ನ್ಯಾಯ.

ಕುಟುಂಬಗಳು ಮಾಡಬಹುದಾದದ್ದು

ಸರ್ಕಾರದ ಕ್ರಮ ಪೂರ್ಣವಾಗುವವರೆಗೆ ಕಾಯಬೇಕಿಲ್ಲ. ತುರ್ತು ಇಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ ಕೆಲವು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಇದರಿಂದ ಆಗುವ ಅನುಕೂಲವೇನು? ಅಪಾಯವೇನು? ಬೇರೆ ದಾರಿ ಇದೆಯೇ? ಕೆಲವು ದಿನ ಕಾದರೆ ಏನಾಗುತ್ತದೆ? ಒಟ್ಟು ಖರ್ಚು ಎಷ್ಟು? ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು, ವಿವರವಾದ ಬಿಲ್ ಮತ್ತು ಚಿಕಿತ್ಸೆಯ ದಾಖಲೆಗಳನ್ನು ಕೇಳುವುದು ರೋಗಿಯ ಹಕ್ಕು. ಮನೆಯ ಪ್ರತಿ ಹಿರಿಯರಿಗೂ ಒಂದು ಫೈಲ್ ಇಟ್ಟು ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸುವುದು ಒಳ್ಳೆಯದು.

ಸಂಘ-ಸಂಸ್ಥೆಗಳು ನಡೆಸುವ ಉಚಿತ ತಪಾಸಣಾ ಶಿಬಿರಗಳಿಗೂ ಇದೇ ಮಾತು ಅನ್ವಯ. ಎಷ್ಟು ಜನ ಬಂದರು ಎಂಬುದು ವರದಿಯಲ್ಲಿ ಬರುತ್ತದೆ. ಅವರಲ್ಲಿ ಎಷ್ಟು ಜನರಿಗೆ ರಕ್ತದೊತ್ತಡ ಹೆಚ್ಚಿತ್ತು, ಮೂರು ತಿಂಗಳ ನಂತರ ಎಷ್ಟು ಜನರದು ಹತೋಟಿಗೆ ಬಂತು ಎಂಬುದೂ ಬರಬೇಕು. ಅದಕ್ಕೆ ಬೇಕಾದದ್ದು ಒಂದು ನೋಂದಣಿ ಪುಸ್ತಕ, ಒಂದು ಫೋನ್ ಮತ್ತು ಒಪ್ಪಿಗೆ ಪಡೆದು ವಿಚಾರಿಸುವ ಒಬ್ಬ ಕಾರ್ಯಕರ್ತ.